ಒಳಗಿನ ಲೋಟದಲ್ಲಿ ಚಹಾ

ಗುತ್ತಿಗಾರು
೧೦-೧೧-೨೦೨೫, ಸೋಮವಾರ
ಮಧ್ಯಾಹ್ನ, ಊಟ ಆದ ಮೇಲೆ

ಪ್ರೀತಿಯ ಸೊಸೆ ಚಿನ್ಮಯೀ,

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಕೊಲೆಯ ಸಿನಿಮಾವನ್ನು ನನ್ನಷ್ಟು ಬಲ್ಲವನು ಇನ್ನೊಬ್ಬ ಹುಟ್ಟಿಲ್ಲ ಎಂಬುದು ನಿನಗೆ ಗೊತ್ತಿರುವ ಸಂಗತಿಯೇ. ಪರದೆಯ ಮೇಲೆ ಹೆಸರು ಓಡುವಾಗಲೇ ಕೊಂದವನು ಯಾರೆಂದು ಹೇಳಿಬಿಡುತ್ತೇನೆ. ನಲ್ವತ್ತು ವರ್ಷಗಳಲ್ಲಿ ಒಂದು ಸಲವೂ ತಪ್ಪಿದ್ದಿಲ್ಲ. ಒಮ್ಮೆ ಪುತ್ತೂರಿನ ಟಾಕೀಸಿನಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದ ನಿಜವಾದ ಒಬ್ಬ ಇನ್ಸ್‌ಪೆಕ್ಟರು ಮಧ್ಯಂತರದಲ್ಲಿ ನನ್ನ ಭುಜ ಮುಟ್ಟಿ, ನಮ್ಮ ಇಲಾಖೆಗೆ ಬಂದುಬಿಡಿ, ನಿಮಗೆ ಏಳನೇ ಕ್ಲಾಸೇ ಧಾರಾಳ ಸಾಕು ಎಂದಿದ್ದರು. ಮನೆಯ ಹೊರಗಿನ ಕೆಲಸ ನೋಡುವವರಿಲ್ಲ ಎಂದು ನಾನೇ ಒಪ್ಪಲಿಲ್ಲ. ಒಪ್ಪಿದ್ದರೆ ಇವತ್ತು ಈ ಕಾಗದವನ್ನು ಮೊಹರು ಇರುವ ಹಾಳೆಯಲ್ಲಿ ಬರೆಯುತ್ತಿದ್ದೆ.

ಇರಲಿ. ನೀನು ಹೇಗಿದ್ದೀ? ಕೊಚ್ಚಿಯ ಉಪ್ಪುನೀರಿಗೆ ನಿನ್ನ ಕೂದಲು ಉದುರುವುದು ನಿಂತಿತೇ? ದಿನಕ್ಕೆ ಹತ್ತು ಗಂಟೆ ಕಿವಿಗೆ ಆ ಹೆಡ್‌ಫೋನಿನ ಗೂಡು ಸಿಕ್ಕಿಸಿಕೊಂಡು ಕೂತರೆ ಕಿವಿಯ ಹಿಂದೆ ಹುಣ್ಣಾಗುತ್ತದೆ, ಮಲಗುವ ಮೊದಲು ಒಂದು ತೊಟ್ಟು ತೆಂಗಿನೆಣ್ಣೆ ಸವರು. ಅಕ್ಕನ, ಅಂದರೆ ನಿನ್ನ ಅಮ್ಮನ, ಮಂಡಿ ಹಾಗೆಯೇ ಇದೆ, ಮೆಟ್ಟಿಲಿಗೆ ಬಂದಾಗ ಗೋಡೆ ಹಿಡಿಯುತ್ತಾಳೆ. ನನಗೆ ದೇಹಕ್ಕೆ ಏನೂ ಇಲ್ಲ. ಊಟ ಮಾತ್ರ ಸೇರುವುದಿಲ್ಲ. ಫೋನು ಮಾಡಬಹುದಿತ್ತಲ್ಲ ಮಾವ ಎಂದು ಕೇಳಬೇಡ. ನನ್ನ ಫೋನು ಮೂರು ವಾರದಿಂದ ಕುಚ್ಚಲಕ್ಕಿಯ ಡಬ್ಬಿಯ ತಳ ಸೇರಿದೆ, ಯಾಕೆಂದು ಮುಂದೆ ಬರೆಯುತ್ತೇನೆ. ಅಮ್ಮನ ಫೋನಿನಲ್ಲಿ ಮಾತಾಡೋಣವೆಂದರೆ ಫೋನಿನ ಜೊತೆಗೆ ಅಮ್ಮನೂ ಇರುತ್ತಾಳೆ.

ನೀನು ಶಬ್ದ ಕೂರಿಸಿದ ಸಿನಿಮಾ ನೋಡಿದೆ. ಒಂದು ಸಲ ಅಲ್ಲ, ಎರಡು ಸಲ. ಮೊದಲನೆಯದು ನಿನ್ನೆಯದಲ್ಲ, ಆಚೆ ಭಾನುವಾರ. ನಮ್ಮ ಒಳ್ಳೆಮೆಣಸು, ರಬ್ಬರ್ ಶೀಟು ಕೊಂಡುಕೊಳ್ಳುವ ಹಕೀಮನ ಪಿಕಪ್ಪಿನಲ್ಲಿ ಪುತ್ತೂರಿಗೆ ಹೋಗಿದ್ದೆವು. ಕೊಂದವನ ಹೆಸರು ಮೊದಲೇ ಹೇಳಿದರೆ ನನಗೆ ಎರಡು ಬನ್ಸು ಎಂದು ಹಕೀಮನ ಹತ್ತಿರ ಪಂಥ ಕಟ್ಟಿದ್ದೆ. ನಿಮ್ಮ ಸಿನಿಮಾದವರು ನನ್ನ ಮರ್ಯಾದೆ ತೆಗೆದರು. ಹತ್ತನೇ ನಿಮಿಷಕ್ಕೆ ಅವರೇ ತೋರಿಸಿಬಿಟ್ಟರಲ್ಲ. ಹೊಳೆಯ ಮೆಟ್ಟಿಲಿನ ಮೇಲೆ ಅಕ್ಕಿಮಿಲ್ಲಿನ ಲೆಕ್ಕ ಬರೆಯುವ ರೈಟರನಿಗೂ ನಿವೃತ್ತ ಹೆಡ್‌ಮಾಷ್ಟ್ರಿಗೂ ಏನೋ ಸಣ್ಣ ಮಾತು, ಮಾಷ್ಟ್ರ ಕೈಯಿಂದ ಒಂದು ತಳ್ಳು, ರೈಟರ್ ಬಿದ್ದ, ತಲೆ ಒಡೆಯಿತು, ಮುಗಿಯಿತು. ಮಾಷ್ಟ್ರು ಅತ್ತಿತ್ತ ನೋಡಿ ಕೊಡೆ ಬಿಡಿಸಿಕೊಂಡು ಮನೆಗೆ ಹೋದರು. ಪೊಲೀಸರು ಹಿಡಿದದ್ದು ಆ ರೈಟರನ ಜೊತೆ ಹಿಂದಿನ ವಾರ ಜಗಳ ಮಾಡಿದ್ದ ಮೂಟೆ ಹೊರುವವನನ್ನು. ಇನ್ನೆಂತ ನೋಡುವುದು, ಎದ್ದು ಹೋಗೋಣವಾ ಎಂದ ಹಕೀಮ. ನನಗೆ ಏಳಲಿಕ್ಕೆ ಆಗಲಿಲ್ಲ. ಯಾರು ಕೊಂದದ್ದು ಎಂದು ಕೇಳುವ ಸಿನಿಮಾ ನೂರು ನೋಡಿದ್ದೇನೆ. ಕೊಂದವನು ಬಾಯಿ ಬಿಡುತ್ತಾನಾ ಇಲ್ಲವಾ ಎಂದು ಎರಡು ಗಂಟೆ ಕೂರಿಸಿದ ಸಿನಿಮಾ ಇದೊಂದೇ.

ಅದರಲ್ಲಿ ಹೊಡೆದಾಟ ಇಲ್ಲ, ಓಡುವ ಜೀಪು ಇಲ್ಲ. ಮೂರು ತಿಂಗಳಿಗೆ ರಿಟೈರ್ ಆಗಬೇಕಾದ ಆ ಹೆಂಗಸು ಎಸ್‌ಐ ಒಮ್ಮೆಯೂ ಸ್ವರ ಏರಿಸುವುದಿಲ್ಲ. ಎದುರು ಕೂತವನಿಗೆ ಒಂದು ಲೋಟ ಚಹಾ ಇಡುತ್ತಾಳೆ, ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಇಡುತ್ತಾಳೆ, ಆಮೇಲೆ ಸುಮ್ಮನಿರುತ್ತಾಳೆ. ಅಷ್ಟೇ. ಅವಳ ಆ ಸುಮ್ಮನೆಗೆ ಎದುರಿನವರು ತಾವಾಗಿ ಮಾತಾಡಿ ಸಿಕ್ಕಿಹಾಕಿಕೊಳ್ಳುತ್ತಾರೆ. ಆದರೆ ಸಿನಿಮಾ ಇರುವುದು ಮಾಷ್ಟ್ರಲ್ಲಿ. ಅವರು ಕೆಟ್ಟವರಲ್ಲ. ಲಾಕಪ್ಪಿನಲ್ಲಿರುವ ಮೂಟೆಯವನಿಗೆ ದಿನಾ ಮಧ್ಯಾಹ್ನ ತಾವೇ ಬುತ್ತಿ ತೆಗೆದುಕೊಂಡು ಹೋಗುತ್ತಾರೆ. ಪಾಪ, ಬಡವ, ಅವನು ಮಾಡಿರಲಿಕ್ಕಿಲ್ಲ ಎಂದು ಠಾಣೆಯಲ್ಲಿ ಎಲ್ಲರ ಹತ್ತಿರ ಹೇಳುತ್ತಾರೆ. ಮಾಡಿದ್ದು ನಾನು ಎಂದು ಮಾತ್ರ ಹೇಳುವುದಿಲ್ಲ. ಒಂದು ದಿನ ಅವನು ಊಟ ಮುಗಿಸಿ ಇವರ ಕಾಲು ಮುಟ್ಟುತ್ತಾನೆ. ಆಗ ಬುತ್ತಿಯ ಮುಚ್ಚಳ ಹಾಕಲಿಕ್ಕೆ ಹೋಗಿ ಮಾಷ್ಟ್ರಿಗೆ ಮುಚ್ಚಳ ಕೂರುವುದಿಲ್ಲ. ತಿರುಗಿಸುತ್ತಾರೆ, ಕೂರುವುದಿಲ್ಲ. ಅವರ ಮುಖದಲ್ಲಿ ಏನೂ ಇಲ್ಲ, ಇರುವುದೆಲ್ಲ ಆ ಬೆರಳುಗಳಲ್ಲಿ. ಅಳುವ ನಟರನ್ನು ಬೇಕಾದಷ್ಟು ಕಂಡಿದ್ದೇನೆ, ಮುಚ್ಚಳ ಹಾಕಲಾರದೆ ಎದೆ ನಡುಗಿಸಿದವನನ್ನು ಕಂಡದ್ದು ಇದೇ ಮೊದಲು.

ಮತ್ತೆ ನಿನ್ನ ಶಬ್ದ. ಮಾಷ್ಟ್ರು ಊಟಕ್ಕೆ ಕೂರುವಾಗೆಲ್ಲ ಹೊರಗೆ ಅಂಗಳದಲ್ಲಿ ಮೂಟೆಯವನ ಹೆಂಡತಿ ಗುಡಿಸುವ ಸದ್ದು. ಅವಳನ್ನು ತೋರಿಸುವುದು ಅಪರೂಪ, ಸದ್ದು ಮಾತ್ರ ಹತ್ತಿರ ಬರುತ್ತದೆ, ದೂರ ಹೋಗುತ್ತದೆ. ಮೂರು ಗೀರು ಉದ್ದಕ್ಕೆ, ಒಂದು ಗೀರು ಮೋಟು, ಆಮೇಲೆ ಪೊರಕೆಯ ಬುಡವನ್ನು ಅಂಗೈಗೆ ಕುಟ್ಟುವ ಶಬ್ದ. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅದು ನಮ್ಮ ಮನೆಗೆಲಸದ ಚೆನ್ನು. ಕಳೆದ ವರ್ಷ ದೀಪಾವಳಿಗೆ ಬಂದಾಗ ನೀನು ಬೆಕ್ಕಿನ ಬಾಲದಂಥ ಮೈಕು ಹಿಡಿದು ಅವಳ ಹಿಂದೆಯೇ ಅಂಗಳ ಸುತ್ತಿದ್ದೀಯಲ್ಲ, ಅದೇ. ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಿಗ್ಗೆ ಕೇಳುವ ಸದ್ದು ನನಗೆ ತಪ್ಪುತ್ತದೆಯೇ. ಥಿಯೇಟರಿನ ನಾಲ್ಕೂ ಗೋಡೆಯಿಂದ ಚೆನ್ನು ನನ್ನ ಕಡೆಗೆ ಗುಡಿಸಿಕೊಂಡು ಬಂದ ಹಾಗಾಯಿತು. ಎಂತ ಮಾರಾಯ್ರೆ, ಈ ಏಸಿಯಲ್ಲಿ ಬೆವರುದಾ ನೀವು ಎಂದ ಹಕೀಮ. ಕೊನೆಗೆ ನಿನ್ನ ಹೆಸರು ಬಂದಾಗ ಎದ್ದು ನಿಂತು ಇದು ನನ್ನ ಸೊಸೆ ಎಂದು ನಾಲ್ಕು ಸಾಲಿಗೆ ಕೇಳುವಂತೆ ಹೇಳಿದೆ. ಆದರೆ ಹೇಳಿ ಮುಗಿಸಿದವನೇ ಹಕೀಮನಿಗೂ ಕಾಯದೆ ಹೊರಗೆ ಹೋದೆ.

ಯಾಕೆಂದರೆ, ಚಿನ್ಮಯೀ, ನಮ್ಮ ಮನೆಯಲ್ಲಿ ಕಳವಾಗಿದೆ. ಒಳಕೋಣೆಯ ಕಪಾಟಿನಲ್ಲಿ ನಿನ್ನ ಅಮ್ಮ ಇಟ್ಟಿದ್ದ ಮೆಣಸಿನ ದುಡ್ಡಿನ ಕಟ್ಟು ಕಾಣುವುದಿಲ್ಲ. ನಿಮ್ಮ ಸಿನಿಮಾದವರ ಹಾಗೆ ನಾನೂ ಈಗಲೇ ಹೇಳಿಬಿಡುತ್ತೇನೆ: ತೆಗೆದವನು ನಾನು.

ಮೂರು ವಾರದ ಹಿಂದೆ ನನಗೆ ವೀಡಿಯೊದಲ್ಲಿ ಒಂದು ಫೋನು ಬಂತು. ಟೊಪ್ಪಿ, ನಕ್ಷತ್ರ, ಹಿಂದೆ ಧ್ವಜ, ದಿಲ್ಲಿಯ ದೊಡ್ಡ ಪೊಲೀಸು. ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಗಾಂಜಾ ಸಿಕ್ಕಿದೆ, ನಿಮ್ಮನ್ನು ಅರೆಸ್ಟ್ ಮಾಡಿದ್ದೇವೆ, ಕ್ಯಾಮೆರಾದ ಎದುರಿನಿಂದ ಏಳುವ ಹಾಗಿಲ್ಲ, ಯಾರ ಹತ್ತಿರ ಹೇಳಿದರೂ ಅವರನ್ನೂ ಹಿಡಿಯುತ್ತೇವೆ ಎಂದ. ನಮ್ಮಲ್ಲಿ ವೀಡಿಯೊ ಕಡಿಯದೆ ಬರುವಷ್ಟು ರೇಂಜು ಸಿಗುವುದು ಗುಡ್ಡದ ತಲೆಯ ಆನೆ ಕಾಯುವ ಗುಡಿಸಲಿನಲ್ಲಿ ಮಾತ್ರ ತಾನೇ, ಹಾಗಾಗಿ ಆನೆ ಇಳಿದಿದೆ, ಕಾಯಬೇಕು ಎಂದು ಅಕ್ಕನಿಗೆ ಹೇಳಿ ಮೂರು ಹಗಲು ಅಲ್ಲಿ ಫೋನನ್ನು ಕಂಬಕ್ಕೆ ಒರಗಿಸಿ ಅದರ ಎದುರು ಕೈಮುಗಿದು ಕೂತೆ. ಅರೆಸ್ಟ್ ಆದವನು ಊಟಕ್ಕೆ ಮನೆಗೆ ಹೋಗಬಹುದಾ ಎಂದು ಅವನ ಹತ್ತಿರ ಅಪ್ಪಣೆ ಕೇಳಿದೆ ನಾನು. ಈ ಮಹಾಗಣಪತಿ. ಮೂರನೇ ದಿನ ತಪಾಸಣೆಗೆ ಎಂದು ದುಡ್ಡು ಕೇಳಿದ, ಎರಡು ದಿನದಲ್ಲಿ ವಾಪಸ್ಸು ಎಂದ. ಅಕ್ಕ ಸ್ನಾನಕ್ಕೆ ಹೋದಾಗ ಬೀಗದ ಕೈ ಒಲೆಯ ದಂಡೆಯಲ್ಲಿ ಇರುತ್ತದೆ. ಕಟ್ಟನ್ನು ಬ್ಯಾಂಕಿಗೆ ಹಾಕಿ ಅವನು ಹೇಳಿದಲ್ಲಿಗೆ ಕಳಿಸಿದೆ. ಆಮೇಲೆ ಟೊಪ್ಪಿಯೂ ಇಲ್ಲ, ಧ್ವಜವೂ ಇಲ್ಲ. ಆ ಫೋನಿನ ಮುಖ ನೋಡಲಾರದೆ ಅದನ್ನು ಅಕ್ಕಿಯಲ್ಲಿ ಹೂತಿಟ್ಟೆ.

ಇದನ್ನಾದರೂ ಮೋಸ ಹೋದ ಮೂರ್ಖತನ ಎನ್ನಬಹುದು. ನನ್ನ ನಿಜವಾದ ತಳ್ಳು ಬಂದದ್ದು ವಾರ ಕಳೆದು ಅಕ್ಕ ಕಪಾಟು ತೆರೆದ ದಿನ. ಅವಳು ಕೈಕಾಲು ಬಿಟ್ಟು ಕೂತಳು. ನಾನು ಅಲ್ಲೇ ಹೇಳಬೇಕಿತ್ತು. ಅದರ ಬದಲು ಕೈ ಹಿಂದೆ ಕಟ್ಟಿ, ಪತ್ತೇದಾರನ ಗತ್ತಿನಲ್ಲಿ, ಒಳಕೋಣೆಗೆ ಯಾರು ಯಾರು ಬರ್ತಾರೆ ಅಕ್ಕ ಎಂದು ಕೇಳಿದೆ. ಚೆನ್ನುವಿನ ಹೆಸರು ನಾನು ಹೇಳಲಿಲ್ಲ. ಒಂದು ಪ್ರಶ್ನೆ ಕೇಳಿದೆ, ಅಷ್ಟೆ. ಒಳಕೋಣೆಗೆ ಬರುವುದು ಅಕ್ಕ, ನಾನು, ಗುಡಿಸಲಿಕ್ಕೆ ಚೆನ್ನು. ಮರುದಿನದಿಂದ ಅಕ್ಕ ಆ ಮಂಡಿ ಇಟ್ಟುಕೊಂಡು ಒಳಕೋಣೆಯನ್ನು ತಾನೇ ಗುಡಿಸತೊಡಗಿದಳು. ಬೈಯಲಿಲ್ಲ, ಕೇಳಲಿಲ್ಲ. ಚೆನ್ನು ಎರಡು ದಿನ ನೋಡಿದಳು. ಮೂರನೇ ದಿನ ಪೊರಕೆ ಅಂಗಳದಲ್ಲೇ ಬಿಟ್ಟು ಮೆಟ್ಟಿಲಿನ ಹತ್ತಿರ ಬಂದು, ಅಮ್ಮ, ಬರುವ ಮಂಗಳವಾರ ದೈವಸ್ಥಾನಕ್ಕೆ ಹೋಗುವ, ನಾನು ಪ್ರಮಾಣ ಮಾಡ್ತೇನೆ ಎಂದಳು.

ಪ್ರಮಾಣ ಎಂದರೆ ಏನೆಂದು ನಿನಗೆ ಗೊತ್ತು, ಸುಳ್ಳಾಡಿದವರನ್ನು ದೈವ ಬಿಡುವುದಿಲ್ಲ. ಕದ್ದವಳನ್ನು ಬಿಡು, ಕದಿಯದವಳಿಗೂ ಅಲ್ಲಿ ನಿಂತು ಬಂದ ಮೇಲೆ ಊರಿನಲ್ಲಿ ಒಂದು ಹೆಸರು ಅಂಟುತ್ತದೆ. ಮೇಲಾಗಿ ಅವಳ ಮಗಳು ಅಕ್ಷಿತಾ ಪುತ್ತೂರಿನ ಒಂದು ಚಿನ್ನದ ಅಂಗಡಿಗೆ ಸೇರಿ ಎರಡು ತಿಂಗಳು ಆಯಿತಷ್ಟೆ. ಮಾತು ಅಲ್ಲಿಗೂ ಮುಟ್ಟಿದೆ. ಮಂಗಳವಾರ ಕಳೆಯಲಿ, ಅಲ್ಲಿವರೆಗೆ ಕೌಂಟರಿನಲ್ಲಿ ನಿಲ್ಲಬೇಡ ಎಂದು ಅಂಗಡಿಯ ಧಣಿ ಹೇಳಿದ್ದಾನಂತೆ. ಈಗ ಅವಳು ಹಿಂದೆ ಕೂತು ಖಾಲಿ ಪೆಟ್ಟಿಗೆಗಳನ್ನು ಒರೆಸುತ್ತಾಳೆ. ಇನ್ನು ನನ್ನ ವಿಷಯ. ಅವಳೊಬ್ಬಳನ್ನೇ ನಿಲ್ಲಿಸಿದರೆ ಅದು ಪ್ರಮಾಣ ಆಗುವುದಿಲ್ಲ, ಮನೆಯವರೂ ಒಬ್ಬೊಬ್ಬರಾಗಿ ನಿಂತು ನಾನು ತೆಗೆದವನಲ್ಲ ಎಂದು ಹೇಳಬೇಕು ಎಂದಿದ್ದಾಳೆ ಅಕ್ಕ. ನನ್ನ ನಾಲಿಗೆ ಏನೇನೋ ಹೇಳಿದೆ ಈವರೆಗೆ. ದೈವದ ಆ ಕಲ್ಲಿನ ಎದುರು ಏನು ಹೇಳುತ್ತದೆ ಎಂದು ನೆನೆದರೆ ಬಾಯಿಯಲ್ಲಿ ಎಂಜಲು ಇರುವುದಿಲ್ಲ.

ಈ ದಿನಗಳಲ್ಲಿ ನಾನು ಮಾಡಿದ್ದು ಕೇಳು. ಚೆನ್ನುವಿಗೆ ಹಲಸಿನ ಹಪ್ಪಳದ ಕಟ್ಟು ಕೊಟ್ಟೆ, ಮಗಳಿಗೆ ಅಂತ ಹೇಳಿ. ತೆಂಗಿನಕಾಯಿ ನಾಲ್ಕು ಕೊಟ್ಟೆ. ಬೆಲ್ಲ ಕೊಟ್ಟೆ. ಅವಳು ಮಾಡಿರಲಿಕ್ಕಿಲ್ಲ ಅಕ್ಕ ಎಂದು ಎರಡು ಸಲ ವಾದ ಕೂಡಾ ಮಾಡಿದೆ. ಥಿಯೇಟರಿನಲ್ಲಿ ಮಾಷ್ಟ್ರು ಬುತ್ತಿ ಹಿಡಿದುಕೊಂಡು ಠಾಣೆಯ ಮೆಟ್ಟಿಲು ಹತ್ತಿದಾಗ ನನಗೆ ಗೊತ್ತಾಯಿತು, ನಾನು ಕೊಟ್ಟ ಹಪ್ಪಳ ಎಂಥದ್ದು ಎಂದು. ತಪ್ಪು ಮಾಡಿದವನಿಗೆ ಎಷ್ಟು ಕರುಣೆ ಬರುತ್ತದೆ ಎಂಬುದನ್ನು ಆ ಕಥೆ ಬರೆದವರು ಎಲ್ಲಿ ಕಲಿತರೋ. ಅವರ ಕೈಗೆ ನನ್ನ ನಮಸ್ಕಾರ ಹೇಳು.

ಅಕ್ಕನಿಗೆ ದೈವದವರೆಗೆ ಹೋಗಲು ಮನಸ್ಸಿಲ್ಲ. ಅಷ್ಟು ಸಿನಿಮಾ ನೋಡಿದವ ನೀನು, ಅವಳನ್ನು ಕೂರಿಸಿ ಒಮ್ಮೆ ಕೇಳು, ಒಪ್ಪಿದರೆ ಮನೆಯೊಳಗೇ ಮುಗಿಸುವ ಎಂದಳು. ಹೀಗೆ ನನ್ನ ಕಳವಿಗೆ ನಾನೇ ತನಿಖಾಧಿಕಾರಿಯಾದೆ. ಗುರುವಾರ ಬಸ್ಸು ಹತ್ತಿ ಒಬ್ಬನೇ ಪುತ್ತೂರಿಗೆ ಹೋಗಿ ಎರಡನೇ ಸಲ ಸಿನಿಮಾ ನೋಡಿದೆ. ಆ ಎಸ್‌ಐಯ ವಿದ್ಯೆ ಕಲಿಯಲಿಕ್ಕೆ ಎಂದು ಅಕ್ಕನಿಗೆ ಹೇಳಿ ಹೋದದ್ದು. ಅಲ್ಲಿ ನೋಡಿದ್ದು ಮಾಷ್ಟ್ರನ್ನು ಮಾತ್ರ.

ಶುಕ್ರವಾರ ನಾಲ್ಕು ಗಂಟೆಗೆ ಚೆನ್ನುವನ್ನು ಹಿಂದಿನ ಜಗಲಿಯಲ್ಲಿ ಕೂರಿಸಿದೆ. ಅಕ್ಕ ಅಡಿಗೆಮನೆಯ ಬಾಗಿಲ ಹಿಂದೆ ಇದ್ದಳು, ಆದರೆ ಹಾಲು ಉಕ್ಕಿತೆಂದು ಒಳಗೆ ಹೋದಳು. ನಾನು ಸಿನಿಮಾದ ಪ್ರಕಾರವೇ ಚಹಾ ತಂದು ಅವಳ ಎದುರು ಇಟ್ಟೆ. ಗಡಿಯಾರ ಬಿಚ್ಚಿ ಪಕ್ಕದಲ್ಲಿ ಇಟ್ಟೆ. ಚೆನ್ನುವಿನ ಲೋಟ ಯಾವುದೆಂದು ನಿನಗೆ ಗೊತ್ತು. ಹಿಂದಿನ ಕಿಟಕಿಯ ಹೊರದಂಡೆಯಲ್ಲಿ ಬೋರಲು ಹಾಕಿರುವ ಆ ಹಳೆಯ ಸ್ಟೀಲಿನದು. ಅವಳೇ ತೊಳೆಯುತ್ತಾಳೆ, ಅವಳೇ ಇಡುತ್ತಾಳೆ. ನೀನು ಬಂದಾಗೆಲ್ಲ ಅದಕ್ಕೊಂದು ಜಗಳ ತೆಗೆಯುತ್ತೀ, ನಾವು ಕೇಳದ ಹಾಗೆ ಇರುತ್ತೇವೆ. ನಾನು ಗಡಿಬಿಡಿಯಲ್ಲಿ ತಂದದ್ದು ಒಳಗಿನ ಲೋಟ, ನಾವು ಕುಡಿಯುವಂಥದ್ದು. ಎಸ್‌ಐ ಮೇಜಿನಲ್ಲಿ ಒಂದೇ ನಮೂನೆಯ ಲೋಟ ಇತ್ತಲ್ಲ, ಅದೇ ತಲೆಯಲ್ಲಿ.

ಚೆನ್ನು ಲೋಟವನ್ನೇ ನೋಡಿದಳು. ಮುಖದ ಬಣ್ಣ ಹೋಯಿತು.

"ಇದೆಂತ ಅಣ್ಣೆರೆ, ಇವತ್ತು ಒಳಗಿನ ಲೋಟ? ಇಪ್ಪತ್ತೆರಡು ವರ್ಷ ಕೊಡದ್ದು ಇವತ್ತು ಕೊಡುದಾ? ಕಳ್ಳಿ ಅಂತ ತೀರ್ಮಾನ ಮಾಡಿ ಆಯ್ತಲ್ಲ. ಕಳಿಸುವ ಮೊದಲು ಒಂದು ಮರ್ಯಾದೆಯಾ?"

ಗಡಿಯಾರವನ್ನು ಅವಳ ಕಡೆಗೆ ಸ್ವಲ್ಪ ಸರಿಸಿದೆ. ಎಸ್‌ಐ ಕೂತ ಹಾಗೆ ಕೂತಿದ್ದೇನೆ ಎಂದುಕೊಂಡೆ. ಚೆನ್ನುವೂ ಸುಮ್ಮನೆ ಕೂತಳು. ಗಡಿಯಾರ ಓಡುತ್ತಿತ್ತು. ಚಹಾದ ಮೇಲೆ ಕೆನೆ ಕಟ್ಟಿತು. ಮಾತಾಡದೆ ಕೂರುವುದರಲ್ಲಿ ಆ ಎಸ್‌ಐಯನ್ನೂ ಮೀರಿಸುವವಳು ನಮ್ಮ ಹಿತ್ತಿಲಿನಲ್ಲಿ ಇದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ಅವಳಿಗೆ ಇಟ್ಟ ಲೋಟಕ್ಕೆ ನಾನೇ ಕೈ ಹಾಕಿದೆ. ಆಗ ಅವಳು ಸ್ವರ ತಗ್ಗಿಸಿ ಕೇಳಿದಳು.

"ಆ ಪೊಲೀಸಿಗೆ ಎಷ್ಟು ಕೊಟ್ರಿ?"

ನಾನು ಗುಡ್ಡದಲ್ಲಿದ್ದ ಮೂರು ದಿನವೂ ಅಕ್ಕ ಅವಳ ಕೈಯಲ್ಲಿ ಊಟ ಕಳಿಸಿದ್ದಳು. ಎರಡನೇ ದಿನ ಅವಳು ಗುಡಿಸಲಿನ ಹಿಂದಿನಿಂದ ಬಂದಿದ್ದಾಳೆ. ನಾನು ಅಂಗಿಯ ಗುಂಡಿ ಕುತ್ತಿಗೆವರೆಗೆ ಹಾಕಿಕೊಂಡು ಫೋನಿನ ಎದುರು ಸಾರ್ ಸಾರ್ ಎಂದು ಅಳುತ್ತಿದ್ದೆನಂತೆ. ಅಳುವ ಗಂಡಸನ್ನು ಕರೆಯುವುದು ಹೇಗೆಂದು ಬುತ್ತಿಯನ್ನು ಕಲ್ಲಿನ ಮೇಲೆ ಇಟ್ಟು, ಕೆಮ್ಮಿ, ಕಾಣಿಸಿಕೊಳ್ಳದೆ ಇಳಿದು ಹೋಗಿದ್ದಾಳೆ. ಕಟ್ಟು ಕಾಣೆಯಾದ ದಿನವೇ ಅವಳಿಗೆ ಅರ್ಥವಾಗಿದೆ. ಮತ್ತೆ ಅಕ್ಕನಿಗೆ ಯಾಕೆ ಹೇಳಲಿಲ್ಲ ಎಂದೆ.

"ನಾನು ಹೇಳಿದ್ರೆ ತಪ್ಪಿಸಿಕೊಳ್ಳಿಕ್ಕೆ ನಿಮ್ಮ ಮೇಲೆ ಹಾಕ್ತಾಳೆ ಅಂತ ಆಗ್ತದೆ. ನಿಮ್ಮದನ್ನು ನೀವೇ ಹೇಳ್ಬೇಕು. ಮಂಗಳವಾರದವರೆಗೆ ಉಂಟಲ್ಲ."

ಅದಕ್ಕೆ ನಾನು ಏನು ಹೇಳಿದೆ ಗೊತ್ತೇ? ಅದು ಬೇರೆ ವಿಷಯ ಚೆನ್ನು, ನಿನಗೆ ಅರ್ಥ ಆಗುವುದಿಲ್ಲ ಎಂದೆ. ಅವಳು ಎದ್ದು ದಂಡೆಯಿಂದ ತನ್ನ ಲೋಟ ತೆಗೆದು, ನಳ್ಳಿಯ ನೀರು ಹಿಡಿದು ಕುಡಿದು, ತೊಳೆದು, ಬೋರಲು ಹಾಕಿ ಹೋದಳು. ಅಕ್ಕ ಬಂದು ಎಂತ ಹೇಳಿದಳು ಎಂದಾಗ, ತನಿಖೆ ಮುಂದುವರಿದಿದೆ ಎಂದೆ. ನಗಬೇಡ. ನಗುತ್ತಿಲ್ಲ ಎಂದು ಗೊತ್ತು.

ಈಗ ಮೂರು ಗಂಟೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಹಕೀಮ ಗಾಡಿ ತರುತ್ತಾನೆ. ನಿನ್ನ ಹತ್ತಿರ ಒಂದು ಕೇಳಬೇಕು. ಸಿನಿಮಾದ ಕೊನೆಯಲ್ಲಿ ಮಾಷ್ಟ್ರು ಬುತ್ತಿ ಇಲ್ಲದೆ ಬರಿಗೈಯಲ್ಲಿ ಠಾಣೆಯ ಗೇಟಿನ ಹತ್ತಿರ ನಿಲ್ಲುತ್ತಾರಲ್ಲ, ಅಲ್ಲಿಗೆ ಪರದೆ ಕಪ್ಪಾಗುತ್ತದೆ. ಒಳಗೆ ಹೋದನಾ ಇಲ್ಲವಾ ಹೇಳದೆ ದುಡ್ಡು ತೆಗೆದುಕೊಂಡ್ರಲ್ಲ ಎಂದು ಹಕೀಮ ಸುಳ್ಯದವರೆಗೂ ಬೈದ. ಎರಡನೇ ಸಲ ನಾನು ಕಣ್ಣು ಮುಚ್ಚಿ ಕೇಳಿದೆ. ಕಪ್ಪಾದ ಮೇಲೆ ನೀನು ಚಪ್ಪಲಿಯ ಸದ್ದು ಇಟ್ಟಿದ್ದೀ, ಜಲ್ಲಿಯ ಮೇಲೆ, ನಾಲ್ಕು ಹೆಜ್ಜೆ. ಆದರೆ ಗೇಟಿನಿಂದ ಒಳಗೆ ಹೋದರೂ ಜಲ್ಲಿ, ಹೊರಗೆ ಬಂದರೂ ಜಲ್ಲಿ. ಯಾವ ಕಡೆಗೆ ಎಂದು ನಿನಗೊಬ್ಬಳಿಗೆ ಗೊತ್ತಿರಬೇಕು. ಈ ಕಾಗದ ನಿನ್ನ ಕೈ ಸೇರಿ ನೀನು ಉತ್ತರ ಬರೆಯುವಷ್ಟರಲ್ಲಿ ನನ್ನ ಮಂಗಳವಾರ ಮುಗಿದಿರುತ್ತದೆ. ಆದರೂ ಬರೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕಿವಿ ನೂರು ವರ್ಷ ಚುರುಕಾಗಿರಲಿ, ನನ್ನಂಥವರು ಹೇಳಿದ್ದನ್ನೆಲ್ಲ ಅದು ನಂಬದಿರಲಿ. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ಈ ಹಳ್ಳಿಯವನ ಮೆಚ್ಚುಗೆ ತಿಳಿಸು, ಮುಚ್ಚಳದ ಮಾಷ್ಟ್ರಿಗೆ ವಿಶೇಷವಾಗಿ.

ನಿನ್ನ ಸೋದರಮಾವ,
ಮಹಾಗಣಪತಿ

ತಾ.ಕ.: ಮಂಗಳವಾರ ಹತ್ತೂವರೆ, ಪೋಸ್ಟ್ ಆಫೀಸಿನ ಜಗಲಿ. ಟಪ್ಪಾಲು ಚೀಲ ಕಟ್ಟುತ್ತಿದ್ದಾರೆ, ಬೇಗ ಬೇಗ ಬರೆಯುತ್ತೇನೆ. ದೈವಸ್ಥಾನಕ್ಕೆ ಹೋಗಲಿಲ್ಲ. ಚೆನ್ನು ತಲೆಗೆ ಮಿಂದು ಬಂದಿದ್ದಳು. ಅಕ್ಕ ಕಾಯಿ, ವೀಳ್ಯ ಹಿಡಿದು ಪಿಕಪ್ಪಿಗೆ ಹತ್ತಲು ಕಾಲೆತ್ತಿದಳು, ಮಂಡಿ ಬಗ್ಗಲಿಲ್ಲ. ಚೆನ್ನು ಕೈ ಕೊಟ್ಟಳು. ಅಕ್ಕ ಹಿಡಿಯಲಿಲ್ಲ. ಆಗ ಹೇಳಿದೆ, ಮೂವರ ಎದುರು, ಅಂಗಳದಲ್ಲೇ. ಅಕ್ಕ ಕೇಳಿದ್ದು ಒಂದೇ, "ಎಷ್ಟು?" ಕಟ್ಟಿನಲ್ಲಿದ್ದಷ್ಟೇ ಎಂದೆ. ಅವಳು ನನ್ನ ಮುಖ ನೋಡಲಿಲ್ಲ. ಹಕೀಮನಿಗೆ "ಗಾಡಿ ಪುತ್ತೂರಿಗೆ ತಿರುಗಿಸು, ಆ ಚಿನ್ನದ ಅಂಗಡಿಯವನಿಗೆ ನಾನೇ ಹೇಳ್ತೇನೆ" ಎಂದು ಚೆನ್ನುವಿನ ಭುಜ ಹಿಡಿದು ಹತ್ತಿದಳು. ನಾಳೆಯಿಂದ ಕೆಲಸಕ್ಕೆ ಬರುವುದಿಲ್ಲ ಎಂದು ಚೆನ್ನು ಹೇಳಿಯೇ ಗಾಡಿ ಹತ್ತಿದಳು. ಅಕ್ಕನಿಗೆ ಬಾ ಎನ್ನಲಿಕ್ಕೆ ಬಾಯಿ ಬರಲಿಲ್ಲ. ಇದಕ್ಕೆ ಕಂಪ್ಯೂಟರಿನಲ್ಲಿ ಪೊಲೀಸರಿಗೆ ದೂರು ಕೊಡಬಹುದು, ಹೋದ ಮೊತ್ತ ಮಾತ್ರ ಸರಿಯಾಗಿ ಹಾಕಬೇಕು ಎಂದು ಹೊರಡುವಾಗ ಹಕೀಮ ಹೇಳಿದ. ನೀನು ಹಾಕು. ಅಕ್ಕನಿಗೆ ಹೇಳಿದ್ದು ಸರಿ ಮೊತ್ತ ಅಲ್ಲ. ಕಟ್ಟಿನದ್ದು ತೊಂಬತ್ತು ಸಾವಿರ. ಅದಕ್ಕಿಂತ ಮೊದಲೇ ಸೊಸೈಟಿಯಲ್ಲಿದ್ದ ನನ್ನ ಡಿಪಾಸಿಟ್ಟು ಮುರಿದು ಅವನಿಗೆ ಕಳಿಸಿಯಾಗಿತ್ತು. ಮುಂದೆ ನೀನೇ ಮಾಡುವ ಮೊದಲ ಸಿನಿಮಾಕ್ಕೆ ದುಡ್ಡು ಹಾಕುವವನು ನಾನೇ ಎಂದಾಗೆಲ್ಲ ಮಾವನ ಇನ್ನೊಂದು ಬುರುಡೆ ಎಂದು ನೀನು ನಗುತ್ತಿದ್ದೆ. ಅದೊಂದು ಮಾತ್ರ ಬುರುಡೆಯಾಗಿರಲಿಲ್ಲ, ಆ ಡಿಪಾಸಿಟ್ಟು ಅದಕ್ಕೆಂದೇ ಇಟ್ಟದ್ದು. ಒಟ್ಟು ಹೋದದ್ದು ಆರು ಲಕ್ಷದ ಮೂವತ್ತೈದು ಸಾವಿರ.